ಯಾದಗಿರಿ ಸೀಮೆಯ ಅಲಾಯಿ ಕುಣಿತ ಮತ್ತು ಮೊಹರಂ ಪದಗಳು

ಅಲಾಯಿ ಕುಣಿತವು ಕಲ್ಯಾಣ ಕರ್ನಾಟಕದ, ಅದರಲ್ಲೂ ಕೃಷ್ಣಾ ಮತ್ತು ಭೀಮಾ ದಂಡೆಯ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಮೊಹರಂ ತಿಂಗಳ ಮೊದಲ ಹತ್ತು ದಿನ ನಡೆಯುವ ಸಾಮೂಹಿಕ ಕುಣಿತ. ಇದರ ಜೊತೆಗೇ ಬೆಳೆದ ಕಥನಗೀತೆಗಳಿಗೆ ಮೊಹರಂ ಪದ, ಅಲಾಯಿ ಪದ, ರಿವಾಯತ ಎಂಬ ಹೆಸರುಗಳಿವೆ. ತಾಲೀಮು ಪಡೆದ ತಂಡವೊಂದು ಈ ಪದಗಳನ್ನು ಹಾಡುತ್ತ ಒಂದೇ ಅಳತೆಯಲ್ಲಿ ಹೆಜ್ಜೆ ಹಾಕಿದರೆ ಅದು ಹೆಜ್ಜೆ ಮೇಳ. ಹಲಿಗೆ, ತಾಸೆ, ಕೆಲವೆಡೆ ಡೊಳ್ಳು ಮುಖ್ಯ ವಾದ್ಯಗಳು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾ ಬಯಲಿನಲ್ಲಿ ನೀರಿಲ್ಲದೆ ಬಳಲಿ, ಬಂಧುಬಳಗದೊಂದಿಗೆ ಹತರಾದ ಪ್ರವಾದಿ ಮಹಮ್ಮದರ ಮೊಮ್ಮಗ ಇಮಾಮ್ ಹುಸೇನರ ನೆನಪು ಇದರ ಮೂಲ. ನೆನಪು ಸಾವಿನದು, ಕಲೆ ಮೈತುಂಬ ಕುಣಿಯುವಂಥದು. ಅಳಬೇಕಾದ ಕಥೆಗೆ ಒಂದಿಡೀ ಸೀಮೆ ಯಾಕೆ ಗೆಜ್ಜೆ ಕಟ್ಟಿತು ಎಂದು ಕೇಳದೆ ಈ ಕಲೆ ಅರ್ಥವಾಗುವುದಿಲ್ಲ.

ಈ ಹಬ್ಬ ಮುಸಲ್ಮಾನರದಷ್ಟೇ ಅಲ್ಲ. ಕುರುಬರು, ಬೇಡರು, ಲಿಂಗಾಯತರು, ಕಬ್ಬಲಿಗರು, ಮಾದಿಗರು, ಹೊಲೆಯರು ಎಲ್ಲರೂ ಇದರಲ್ಲಿ ಸೇರಿದ್ದಾರೆ. ಒಂದೂ ಮುಸಲ್ಮಾನ ಮನೆಯಿಲ್ಲದ ಊರಿನಲ್ಲೂ ಅಲಾಯಿ ದೇವರು, ಅಂದರೆ ಕೈಯಾಕಾರದ ಲೋಹದ ಪಂಜಾಗಳು, ಕೂಡುತ್ತವೆ. ಫಾತೆಹಾ ಓದಲು ನೆರೆಯೂರಿನ ಮುಲ್ಲಾ ಅವರನ್ನು ಕರೆತರುತ್ತಾರೆ, ಉಳಿದದ್ದನ್ನೆಲ್ಲ ಊರವರೇ ನಡೆಸಿಕೊಳ್ಳುತ್ತಾರೆ.

ಮೂಲ

ಕರ್ಬಲಾದ ಕಥೆ ಈ ಸೀಮೆಗೆ ಬಂದದ್ದು ಎರಡು ದಾರಿಯಿಂದ. ಮೊದಲನೆಯದು ಅರಮನೆಯದು. ಬಿಜಾಪುರದ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾಹ್ 1502ರಲ್ಲಿ ಷಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಮುಂದೆ 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಅದನ್ನು ಕೈಬಿಟ್ಟು ಸುನ್ನಿ ಪಂಥಕ್ಕೆ ಮರಳಿದ. 1558ರಲ್ಲಿ ಬಂದ ಮೊದಲನೆಯ ಅಲಿ ಮತ್ತೆ ಷಿಯಾ ಆಚರಣೆಗಳನ್ನು ತಂದ. ರಾಜಧಾನಿಯಲ್ಲಿ ಪಂಥ ಹೀಗೆ ಅತ್ತಿಂದಿತ್ತ ಹೊರಳುತ್ತಿದ್ದಾಗ ಅಲಾಯಿ ದೇವರನ್ನು ಕೂಡಿಸುವ ಹಳ್ಳಿಯ ಆಶುರಖಾನೆಗಳು ಬೇರು ಬಿಡುತ್ತಿದ್ದವು. ಈ ಇತಿಹಾಸದ ಒಂದು ತುದಿ ಶಹಾಪುರ ತಾಲ್ಲೂಕಿನಲ್ಲೇ ಇದೆ. ಗೋಗಿಯಲ್ಲಿ ಸೂಫಿ ಚಂದಾ ಹುಸೇನಿಯವರ ದರ್ಗಾದ ಆವರಣದಲ್ಲಿ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಮೂವರ ಗೋರಿಗಳಿವೆ. ಷಿಯಾ ಪಂಥವನ್ನು ತಂದವನೂ ಅದನ್ನು ತೆಗೆದುಹಾಕಿದವನೂ ಒಬ್ಬನೇ ಸೂಫಿಯ ಪಾದದ ಬಳಿ ಮಲಗಿದ್ದಾರೆ.

ಎರಡನೆಯ ದಾರಿ ಸೂಫಿಗಳದು, ಇದೇ ಹೆಚ್ಚು ಆಳಕ್ಕೆ ಹೋದದ್ದು. ದಖನಿನ ಸೂಫಿಗಳಲ್ಲಿ ಹೆಚ್ಚಿನವರು ಸುನ್ನಿಗಳು. ಆದರೂ ಪ್ರವಾದಿಯ ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನರ ಮೇಲಿನ ಪ್ರೀತಿ ಅವರ ಬೋಧನೆಯ ಭಾಗವಾಗಿತ್ತು. ಕಲಬುರಗಿಯ ಬಂದೇನವಾಜರು, ಗೋಗಿಯ ಚಂದಾ ಹುಸೇನಿ, ಶಹಾಪುರದ ಹತ್ತಿರದ ಸಗರದಲ್ಲಿ ನೆಲೆಸಿದ ಸೂಫಿ ಸರಮಸ್ತರು ಇಂಥವರ ದರ್ಗಾಗಳ ಸುತ್ತ ಈ ಕಥೆ ರೈತರ, ನೇಕಾರರ, ಕುರಿಗಾರರ ಕಿವಿಗೆ ಬಿತ್ತು. ಅಷ್ಟರಲ್ಲಿ ದಖನಿ ಭಾಷೆಯಲ್ಲೂ ಕರ್ಬಲಾ ಕಾವ್ಯ ಮೂಡಿತ್ತು. ಅಶ್ರಫ್ ಬಯಾಬಾನಿ 1503ರಲ್ಲಿ ಬರೆದ ‘ನೌಸರ್‌ಹಾರ್’ ಅದರ ಮೊದಮೊದಲ ಕೃತಿಗಳಲ್ಲಿ ಒಂದು. ಮರ್ಸಿಯಾ ಎಂಬ ಶೋಕಗೀತೆಗಳು ಬಿಜಾಪುರ, ಗೋಲ್ಕೊಂಡ ಎರಡೂ ಆಸ್ಥಾನಗಳಲ್ಲಿ ಬೆಳೆದವು. ಕನ್ನಡದ ಮೊಹರಂ ಪದಗಳಲ್ಲಿ ಈಗಲೂ ದಖನಿ ಮಾತುಗಳು ಧಾರಾಳವಾಗಿ ಬರುತ್ತವೆ. ಪಲ್ಲವಿ ದಖನಿಯಲ್ಲಿದ್ದು ನುಡಿಗಳು ಕನ್ನಡದಲ್ಲಿರುವ ಪದಗಳೂ ಉಂಟು.

ಆದರೆ ಬೀಜ ಬಿದ್ದ ನೆಲವನ್ನೂ ನೋಡಬೇಕು. ಸುರಪುರ ಸೀಮೆಯ ತಿಂಥಣಿಯ ಮೌನೇಶ್ವರರು, ಕೊಡೇಕಲ್ಲಿನ ಬಸವಣ್ಣನವರು ಹಿಂದೂ–ಮುಸಲ್ಮಾನ ಎಂಬ ಗೆರೆಯನ್ನು ಬದುಕಿನಲ್ಲೇ ಅಳಿಸಿದವರು. ಇಬ್ಬರನ್ನೂ ಒಂದು ಕಡೆ ಶರಣರೆಂದು, ಇನ್ನೊಂದು ಕಡೆ ಪೀರರೆಂದು ಜನ ನಂಬಿದ್ದಾರೆ. ತಿಂಥಣಿಯ ಜಾತ್ರೆಯಲ್ಲಿ ಪೀರರ ಹೆಸರು ಕೂಗುವ ಬಾಯಿಗೆ ಅಲಾಯಿ ದೇವರ ಹೆಸರು ಹೊಸದಾಗಿ ಕಾಣಲಿಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥ ಮುಸಲ್ಮಾನ ತತ್ವಪದಕಾರರು ಆಗಿಹೋದದ್ದು ಇದೇ ಸೀಮೆಯ ಆಸುಪಾಸಿನಲ್ಲಿ. ತತ್ವಪದ ಕಟ್ಟುವ ಕೈ, ತತ್ವಪದ ಕೇಳುವ ಕಿವಿ ಎರಡೂ ಇದ್ದ ಕಡೆ ಮೊಹರಂ ಪದಕ್ಕೆ ಕನ್ನಡದ ಮೈ ಬರುವುದು ತಡವಾಗಲಿಲ್ಲ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು, ಷಿಯಾ ಆಶ್ರಯವೂ ಮುಗಿಯಿತು. ಹಬ್ಬ ಮಾತ್ರ ಮುಗಿಯಲಿಲ್ಲ. ಬೇಡ ನಾಯಕರ ಸುರಪುರ ಸಂಸ್ಥಾನದ ಕಾಲದಲ್ಲಿ, 1858ರ ಬಂಡಾಯ ಸೋತು ಆ ಸಂಸ್ಥಾನ ಅಳಿದು ನಿಜಾಮರ ಕೈಸೇರಿದ ಮೇಲೆ, 1948ರಲ್ಲಿ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದ ಮೇಲೆ ಕೂಡ ಅದು ನಡೆದುಕೊಂಡೇ ಬಂತು. 1948ರ ಹಿಂದುಮುಂದಿನ ಹಿಂಸೆಯಲ್ಲಿ ಈ ಭಾಗದ ಹಳ್ಳಿಗಳ ನಂಬಿಕೆಗೆ ಬಿದ್ದ ಪೆಟ್ಟು ಸಣ್ಣದಲ್ಲ. ಅದನ್ನೂ ದಾಟಿ ಉಳಿದ ಆಚರಣೆ ಎಂಬುದನ್ನು ಮರೆಯಬಾರದು.

ದಖನಿನ ಮೊಹರಂ ಎರಡು ಶತಮಾನದ ಹಿಂದೆ ಹೇಗಿತ್ತು ಎನ್ನಲು ಒಳ್ಳೆಯ ಲಿಖಿತ ಸಾಕ್ಷಿಯಿದೆ. ಜಾಫರ್ ಶರೀಫ್ ಬರೆದು, ಹೆರ್ಕ್ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಕಾನೂನ್-ಎ-ಇಸ್ಲಾಂ’ ಗ್ರಂಥದಲ್ಲಿ ಬೆಂಕಿಯ ಕುಣಿ, ಅದರ ಸುತ್ತಿನ ಕುಣಿತ, ಪಂಜಾಗಳ ಮೆರವಣಿಗೆ, ಹುಲಿವೇಷ, ಬಗೆಬಗೆಯ ಫಕೀರ ವೇಷಗಳ ವರ್ಣನೆ ವಿವರವಾಗಿ ಬಂದಿದೆ. ಇವತ್ತು ಯಾದಗಿರಿಯ ಹಳ್ಳಿಯಲ್ಲಿ ಕಾಣುವುದರಲ್ಲಿ ಹೆಚ್ಚಿನದನ್ನು ಆ ಪುಟಗಳಲ್ಲಿ ಗುರುತಿಸಬಹುದು.

ಹತ್ತು ದಿನ

ಚಂದ್ರ ಕಂಡ ಮೇಲೆ ಆಶುರಖಾನದ ಮುಂದೆ ಗುದ್ದಲಿ ಬೀಳುತ್ತದೆ. ಅಲ್ಲಿ ತೋಡುವ ದುಂಡನೆಯ ತಗ್ಗೇ ಅಲಾಯಿ ಕುಣಿ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ತೆಗೆದು, ತಿಕ್ಕಿ ತೊಳೆದು, ಬಣ್ಣದ ಬಟ್ಟೆ ಉಡಿಸಿ ಕೂಡಿಸುತ್ತಾರೆ. ಹಸನ್, ಹುಸೇನ್, ಖಾಸಿಂ, ಮೌಲಾಲಿ, ಬೀಬಿ ಫಾತಿಮಾ ಎಂದು ಒಂದೊಂದು ಪಂಜಾಕ್ಕೂ ಹೆಸರಿದೆ. ಹರಕೆ ಹೊತ್ತವರು ಕೊರಳಿಗೆ ಕೆಂಪು, ಹಸಿರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಮನೆಮನೆಗೆ ಹೋಗಿ ಭಿಕ್ಷೆ ಎತ್ತುತ್ತಾರೆ. ಸಕ್ಕರೆ ಓದಿಸುವುದು, ಕುಣಿಗೆ ಉಪ್ಪು ಹಾಕುವುದು, ಲೋಬಾನದ ಹೊಗೆ, ಬೆಲ್ಲದ ಪಾನಕ, ಚೊಂಗೆ, ಮಾದಲಿ ಇವೆಲ್ಲ ಈ ದಿನಗಳಿಗೆ ಸೇರಿದವು.

ಕುಣಿತ ಸಂಜೆಯ ನಂತರ ಶುರು. ಮೊದಲ ದಿನಗಳಲ್ಲಿ ಹುಡುಗರಷ್ಟೇ ಇರುತ್ತಾರೆ, ಏಳನೆಯ ದಿನದ ಹೊತ್ತಿಗೆ ಊರು ನೆರೆಯುತ್ತದೆ. ಒಂಬತ್ತನೆಯ ರಾತ್ರಿ, ಕತಲ್ ರಾತ್ರಿ, ಬೆಳಕು ಹರಿಯುವವರೆಗೆ ಹಲಿಗೆ ನಿಲ್ಲುವುದಿಲ್ಲ. ಕುಣಿಯಲ್ಲಿ ಕಟ್ಟಿಗೆಯ ಕೆಂಡ ಉರಿಯುತ್ತಿರುತ್ತದೆ. ದೇವರು ಹೊತ್ತವರು ಆ ಕೆಂಡ ಹಾಯುತ್ತಾರೆ. ಹತ್ತನೆಯ ದಿನ ಪಂಜಾಗಳು ಒಂದಕ್ಕೊಂದು ಭೇಟಿಯಾಗಿ, ಹಳ್ಳಕ್ಕೋ ಹೊಳೆಗೋ ಬಾವಿಗೋ ಹೊರಡುತ್ತವೆ. ನೀರು ಮುಟ್ಟಿಸಿ, ಮುಖ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ ತಿರುಗಿ ತರುವಾಗ ಹಾಡುವ ಪದಗಳಿಗೆ ಅಲ್ವಿದಾ ಎಂದು ಹೆಸರು. ಬರುವಾಗ ಕುಣಿತವಿಲ್ಲ.

ನೆರೆಯ ರಾಯಚೂರು ಜಿಲ್ಲೆಯ ಮುದಗಲ್ಲಿನ ಹುಸೇನಿ ಆಲಂ ದರ್ಗಾದ ಮೊಹರಂ ಈ ಇಡೀ ಪ್ರದೇಶದಲ್ಲಿ ದೊಡ್ಡದು, ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಸುರಪುರದ ಕಡೆಯಿಂದ ತಿಂಥಣಿ ಸೇತುವೆ ದಾಟಿ ಅಲ್ಲಿಗೆ ಹೋಗುವವರೂ ಬಹಳ.

ಹಲಿಗೆ ಮತ್ತು ತಾಸೆ

ಹಲಿಗೆಯಿಲ್ಲದೆ ಅಲಾಯಿ ಕುಣಿತವಿಲ್ಲ. ಮರದ ಅಥವಾ ಕಬ್ಬಿಣದ ಬಳೆಗೆ ಚರ್ಮ ಬಿಗಿದ ಈ ವಾದ್ಯವನ್ನು ಎಡಭುಜಕ್ಕೆ ತೂಗುಹಾಕಿ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ ಹಿಡಿದು ಬಾರಿಸುತ್ತಾರೆ. ದಪ್ಪ ಕೋಲು ನಡೆಯನ್ನು ಹಿಡಿದರೆ ತೆಳ್ಳನೆಯ ಕಡ್ಡಿ ಅದರ ಸಂದಿಗಳನ್ನು ತುಂಬುತ್ತದೆ. ಇರುಳಿನ ತಂಪಿಗೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಆಗ ಹಲಿಗೆಯವರು ಪಕ್ಕಕ್ಕೆ ಸರಿದು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡಿ, ದನಿ ಏರಿತೆಂದಾಗ ಮತ್ತೆ ಗುಂಪಿಗೆ ಸೇರುತ್ತಾರೆ. ಪ್ಲಾಸ್ಟಿಕ್ ಹಾಳೆ ಬಿಗಿದ ಹಲಿಗೆಗಳು ಬಂದ ಮೇಲೆ ಈ ಕಾಯಿಸುವ ಕೆಲಸ ಕಡಿಮೆಯಾಗಿದೆ. ದನಿ ಗಟ್ಟಿಯಾಯಿತು, ಆದರೆ ಚರ್ಮದ ಹಲಿಗೆಯ ಗಂಭೀರ ನಾದ ಅದರಲ್ಲಿಲ್ಲ ಎಂದು ಹಳಬರು ಹೇಳುವುದು ನಿಜ.

ತಾಸೆ ಬೋಗುಣಿಯಾಕಾರದ ಸಣ್ಣ ವಾದ್ಯ. ಮಣ್ಣಿನ ಅಥವಾ ಲೋಹದ ಪಾತ್ರೆಯ ಬಾಯಿಗೆ ಆಡಿನ ಚರ್ಮ ಬಿಗಿದು, ಕೊರಳಿಗೆ ತೂಗುಹಾಕಿಕೊಂಡು ಎರಡು ತೆಳು ಕಡ್ಡಿಗಳಿಂದ ಬಾರಿಸುತ್ತಾರೆ. ಹಲಿಗೆಯ ತಗ್ಗಿನ ದನಿಗೆ ತಾಸೆಯ ಏರುದನಿ ಸೇರಿದಾಗ ಕುಣಿತದ ವೇಗ ತಾನಾಗಿ ಹೆಚ್ಚುತ್ತದೆ. ಡೊಳ್ಳು ಎಲ್ಲ ಊರಲ್ಲೂ ಇರುವುದಿಲ್ಲ. ಕುರುಬರು ಹೆಚ್ಚಿರುವಲ್ಲಿ ಅವರ ದೇವರು ಬೀರಪ್ಪನ ಡೊಳ್ಳೇ ಅಲಾಯಿ ದೇವರ ಮುಂದೆಯೂ ನುಡಿಯುತ್ತದೆ.

ಹೆಜ್ಜೆ ಊರಿಂದೂರಿಗೆ ಬೇರೆ. ಸಾಮಾನ್ಯವಾಗಿ ಕುಣಿಯ ಸುತ್ತ ದುಂಡಗೆ ಸುತ್ತುತ್ತ, ಮುಂದಕ್ಕೆ ಇಟ್ಟ ಕಾಲನ್ನು ನೆಲಕ್ಕೆ ಅಪ್ಪಳಿಸಿ, ಸೊಂಟ ಬಾಗಿಸಿ, ಹಿಂದಕ್ಕೆ ಸರಿದು ಮತ್ತೆ ಮುನ್ನುಗ್ಗುವುದು ಇದರ ಮೂಲ ನಡೆ. ಹೊಸಬನೂ ಎರಡು ಸುತ್ತಿನಲ್ಲಿ ಕಲಿಯಬಲ್ಲ ಸರಳ ನಡೆ ಇದು. ಊರೆಲ್ಲ ಒಟ್ಟಿಗೆ ಕುಣಿಯಬೇಕಾದ ಕಲೆ ಹೀಗೇ ಇರಬೇಕು. ಹೆಜ್ಜೆ ಮೇಳದ್ದು ಬೇರೆಯೇ ಶಿಸ್ತು. ಹತ್ತಿಪ್ಪತ್ತು ಮಂದಿ ಒಂದೇ ಬಗೆಯ ಉಡುಪು, ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ದಸ್ತಿ ಹಿಡಿದು, ಮಾಸ್ತರ ಕಲಿಸಿದ ಹೆಜ್ಜೆಯನ್ನು ಪದದ ನುಡಿಗೆ ಸರಿಯಾಗಿ ಹಾಕುತ್ತಾರೆ. ನುಡಿ ಬದಲಾದಾಗ ಹೆಜ್ಜೆ ಬದಲಾಗುತ್ತದೆ. ಹಬ್ಬಕ್ಕೆ ತಿಂಗಳ ಮುಂಚೆಯೇ ರಾತ್ರಿ ಹೊತ್ತು ತಾಲೀಮು ಶುರುವಾಗುತ್ತದೆ. ಕುಣಿಯುವವರು ಬಹುತೇಕ ಗಂಡಸರು. ಹೆಂಗಸರ ಪಾಲು ಹರಕೆ, ಉಪ್ಪು, ಸಕ್ಕರೆ, ನೀರು. ಕೆಂಡ ಆರಿದ ಮೇಲೆ ಕುಣಿಯ ಬೂದಿಯನ್ನು ಮಕ್ಕಳ ಹಣೆಗೆ ಹಚ್ಚುವುದು.

ಪದಗಳು

ಮೊಹರಂ ಪದಕ್ಕೆ ಒಬ್ಬ ಮುಮ್ಮೇಳದವನು, ಅವನ ಸಾಲನ್ನು ಎತ್ತಿಕೊಳ್ಳುವ ಹಿಮ್ಮೇಳ. ಎರಡು ಮೇಳಗಳು ಎದುರಾದರೆ ಹಾಡು ಸವಾಲ್–ಜವಾಬ್ ಆಗುತ್ತದೆ. ಒಂದು ಮೇಳ ಕರ್ಬಲಾ ಕಥೆಯ ಒಂದು ಗಂಟನ್ನು ಪ್ರಶ್ನೆಯಾಗಿ ಒಡ್ಡಿದರೆ ಇನ್ನೊಂದು ಅದನ್ನು ಪದದಲ್ಲೇ ಬಿಡಿಸಬೇಕು. ಕುದುರೆಯ ಹೆಸರೇನು, ಯಾರು ಮೊದಲು ಬಿದ್ದರು, ನೀರು ತರಲು ಹೋದವರು ಯಾರು ಎಂಬಂಥ ಪ್ರಶ್ನೆಗಳಿಂದ ತೊಡಗಿ ದೇಹತತ್ವದ ಒಗಟಿನವರೆಗೆ ಇದು ಹೋಗುತ್ತದೆ. ಲಾವಣಿಯ ಕಲ್ಗಿ–ತುರಾಯಿ ವಾದ, ಗೀಗೀ ಪದದ ಹರದೇಸಿ–ನಾಗೇಸಿ ವಾದ ಇವುಗಳ ಬಂಧುವೇ ಇದು. ಒಬ್ಬನೇ ಹಾಡುಗಾರ ಶ್ರಾವಣದಲ್ಲಿ ಭಜನೆ, ಜಾತ್ರೆಯಲ್ಲಿ ಗೀಗೀ, ಅಲಾಯಿಯಲ್ಲಿ ರಿವಾಯತ ಹಾಡುವುದು ಸಾಮಾನ್ಯವಾದ್ದರಿಂದ ಧಾಟಿಗಳು ಒಂದರಿಂದ ಒಂದಕ್ಕೆ ನಡೆದಾಡಿವೆ.

ಶಿಶುನಾಳ ಶರೀಫರು (1819–1889) ರಿವಾಯತ ಪದಗಳನ್ನು ಕಟ್ಟಿ ಹೆಜ್ಜೆ ಮೇಳಗಳಿಗೆ ಕೊಟ್ಟವರು. ಅವರ ತತ್ವಪದಗಳು ನಾಡಿನ ತುಂಬ ಹರಡಿದಷ್ಟು ಆ ಪದಗಳು ಹರಡಲಿಲ್ಲ. ಧಾರವಾಡ ಕಡೆಯ ಮಾತು ಅದು. ಯಾದಗಿರಿ ಸೀಮೆಯಲ್ಲಿ ಪದ ಕಟ್ಟಿದವರ ಹೆಸರು ಕೊನೆಯ ನುಡಿಯ ಅಂಕಿತದಲ್ಲಿ ಮಾತ್ರ ಉಳಿದಿದೆ, ಊರಿನ ಹೆಸರು, ಗುರುವಿನ ಹೆಸರು, ತನ್ನ ಹೆಸರು ಹೀಗೆ. ಮುಸಲ್ಮಾನರಲ್ಲದವರ ಅಂಕಿತಗಳೂ ಅದರಲ್ಲಿ ಉಂಟು.

ಕಥೆ ಕನ್ನಡಕ್ಕೆ ಬರುವಾಗ ಏನಾಯಿತು ಎಂಬುದು ಗಮನಿಸಬೇಕಾದದ್ದು. ಅರಬ್ಬೀ ಇತಿಹಾಸದಲ್ಲಿ ಕರ್ಬಲಾ ಒಂದು ರಾಜಕೀಯ ಘಟನೆ: ಖಲೀಫ ಯಜೀದನ ಅಧಿಕಾರಕ್ಕೆ ನಿಷ್ಠೆ ಸಲ್ಲಿಸಲು ಹುಸೇನರು ಒಪ್ಪಲಿಲ್ಲ, ಕೂಫಾದ ಜನ ಕರೆದು ಕೈಬಿಟ್ಟರು, ಯಜೀದನ ಸೈನಿಕರು ಯೂಫ್ರೆಟಿಸ್ ನದಿಯ ನೀರು ತಡೆದು, ಮೊಹರಂ ಹತ್ತರಂದು ಸಂಪ್ರದಾಯ ಹೇಳುವಂತೆ ಎಪ್ಪತ್ತೆರಡು ಸಂಗಡಿಗರನ್ನು ಕೊಂದರು. ಕನ್ನಡದ ಪದಗಳಲ್ಲಿ ಅಧಿಕಾರದ ವಾದ ಹಿಂದೆ ಸರಿದು ಮನೆತನದ ದುಃಖ ಮುಂದೆ ಬರುತ್ತದೆ. ಹಸನ್ ಮತ್ತು ಹುಸೇನರು ಒಬ್ಬರನ್ನೊಬ್ಬರು ಅಗಲಲಾರದ ಅಣ್ಣತಮ್ಮಂದಿರು. ನೀರು ತರಲು ಹೋದ, ಹುಸೇನರ ತಮ್ಮ ಅಬ್ಬಾಸರ ತೋಳುಗಳನ್ನು ಶತ್ರುಗಳು ಕಡಿಯುತ್ತಾರೆ. ಹುಸೇನರ ಕೈಗೂಸು ಅಸ್ಗರ್ ತಂದೆಯ ಮಡಿಲಲ್ಲೇ ಬಾಣಕ್ಕೆ ಸಿಗುತ್ತದೆ. ಮದುವೆಯ ಬಾಸಿಂಗ ಕಳಚುವ ಮುಂಚೆಯೇ ಹಸನರ ಮಗ ಖಾಸಿಂ ಕುದುರೆ ಏರುತ್ತಾನೆ. ಆ ಮದುವೆ ಪದಗಳಲ್ಲಿ ಪೂರಾ ಕನ್ನಡದ ಮದುವೆ: ಅರಿಶಿಣ, ಸುರಗಿ, ಆರತಿ, ತವರಿನ ಸೀರೆ. ಮಕ್ಕಳ ಸಾವಿಗೆ ಫಾತಿಮಾ ಅಳುವ ಪರಿ ಈ ಸೀಮೆಯ ತಾಯಿ ಅಳುವ ಪರಿಯೇ. ಎಲ್ಲ ಪದಗಳ ಅಡಿಯಲ್ಲಿ ಒಂದೇ ವಸ್ತು, ನೀರಡಿಕೆ. ನಾರಾಯಣಪುರದ ಕಾಲುವೆ ಬರುವ ಮುಂಚಿನ ಸುರಪುರ, ಶಹಾಪುರದ ಒಣಬೇಸಾಯದ ಊರುಗಳಲ್ಲಿ ಬರಗಾಲ ಕಂಡವರಿಗೆ ನದಿ ಕಣ್ಣೆದುರಿಗಿದ್ದೂ ನೀರು ಸಿಗದೆ ಸತ್ತ ಮಗುವಿನ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಆಚರಣೆಯನ್ನೂ ಪದಗಳನ್ನೂ ನಾಡಿನ ಉದ್ದಗಲ ತಿರುಗಿ ನೋಡಿ ಬರೆದ ಪುಸ್ತಕ. ಅದರ ಹಿಂದೆ ಅವರ ‘ಕರ್ನಾಟಕದ ಸೂಫಿಗಳು’ ಇದೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೋಗಿ, ಸಗರ, ತಿಂಥಣಿಗಳು ಬಿಡಿ ಊರುಗಳಾಗಿ ಉಳಿಯುವುದಿಲ್ಲ.

ಅರ್ಥ

ಶೋಕದ ದಿನಗಳಲ್ಲಿ ಕುಣಿಯುವುದು ತಪ್ಪು ಎಂಬ ಆಕ್ಷೇಪ ಹಳೆಯದು. ಪಂಜಾಗಳನ್ನು ಪೂಜಿಸುವುದು, ವೇಷ ಹಾಕುವುದು, ವಾದ್ಯ ಬಾರಿಸುವುದು ಧರ್ಮಕ್ಕೆ ಸಲ್ಲದೆಂದು ಮುಸಲ್ಮಾನ ಸುಧಾರಕರು ಬೋಧಿಸುತ್ತ ಬಂದಿದ್ದಾರೆ. ಅವರ ಮಾತು ಕೇಳಿ ಹಬ್ಬದಿಂದ ದೂರ ಸರಿದ ಮುಸಲ್ಮಾನ ಕುಟುಂಬಗಳಿವೆ. ಇದು ಪರರ ಹಬ್ಬ, ನಮಗೇಕೆ ಎಂಬ ಮಾತು ಇನ್ನೊಂದು ಕಡೆಯಿಂದ ಕೇಳಿಸುತ್ತದೆ. ಇಬ್ಬರೂ ಆಚರಣೆಯನ್ನು ಅದರ ಮೂಲಕಥೆಯಿಂದ ಅಳೆಯುತ್ತಾರೆ. ಹಳ್ಳಿಯವರು ಅಳೆಯುವುದು ಬೇರೆ ಬಗೆಯಲ್ಲಿ: ಮಳೆ ಬಂತೇ, ಮಗು ಉಳಿಯಿತೇ, ಹರಕೆ ತೀರಿತೇ.

ಈ ನಾಡಿನಲ್ಲಿ ಸಾವಿಗೆ ಹಲಿಗೆ ಬಾರಿಸುವುದು ಹೊಸದೇನೂ ಅಲ್ಲ. ವಯಸ್ಸಾದವರು ತೀರಿದರೆ ಭಜನೆ, ಬಾಜಾ ಭಜಂತ್ರಿಯೊಂದಿಗೆ ಕಳಿಸಿಕೊಡುವ, ಹಲಿಗೆಯ ಮುಂದೆ ಹೆಜ್ಜೆ ಹಾಕುವ ರೂಢಿ ಇಲ್ಲಿ ಮೊದಲಿನಿಂದ ಇದೆ. ವೀರನ ಸಾವನ್ನು ವೀರಗಲ್ಲಿನಲ್ಲಿ ಅಪ್ಸರೆಯರ ನಡುವೆ ಕೆತ್ತಿದ ನೆಲ ಇದು. ಅಂಥ ಕಡೆ ಹುಸೇನರ ಸಾವು ಸೋಲಾಗಿ ಕಾಣಲಿಲ್ಲ. ಎದೆ ಬಡಿದುಕೊಳ್ಳುವ ಷಿಯಾ ಮಾತಮ್ ಮತ್ತು ನೆಲ ಬಡಿಯುವ ಅಲಾಯಿ ಹೆಜ್ಜೆ ಎರಡೂ ಮೈಯಿಂದಲೇ ಶೋಕ ಹೇಳುವ ಬಗೆಗಳು. ಕುಣಿತ ಶೋಕವನ್ನು ಮರೆಸಿತು ಎನ್ನುವುದಕ್ಕಿಂತ, ಊರಿಗೆ ಗೊತ್ತಿದ್ದ ಶೋಕದ ರೀತಿಯೊಳಗೆ ಕರ್ಬಲಾ ಬಂದು ಸೇರಿತು ಎನ್ನುವುದು ಸರಿ.

ಭಾವೈಕ್ಯದ ಹಬ್ಬ ಎಂದು ಮೊಹರಂ ಅನ್ನು ಬಣ್ಣಿಸುವುದು ಪತ್ರಿಕೆಗಳ ರೂಢಿ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಹಬ್ಬವನ್ನು ಕೂಡಿಸಿದ್ದು ಭಾವಕ್ಕಿಂತ ಕೆಲಸದ ಹಂಚಿಕೆ: ಕುಣಿ ತೋಡುವವರು, ಕಟ್ಟಿಗೆ ತರುವವರು, ಪಂಜಾ ಹೊರುವವರು, ಎಣ್ಣೆ ಕೊಡುವವರು, ಹಲಿಗೆ ಬಾರಿಸುವವರು, ಸಕ್ಕರೆ ಓದುವವರು. ಆಶುರಖಾನೆಗಳಿಗೆ ಇನಾಮು ಜಮೀನು ಬಿಟ್ಟದ್ದೂ ಇಂಥ ಸೇವೆಗಳಿಗಾಗಿಯೇ. ಹಿಂದೂ–ಮುಸಲ್ಮಾನ ಗೆರೆಯನ್ನು ದಾಟಿದ ಈ ಹಂಚಿಕೆ ಜಾತಿಯ ಗೆರೆಯನ್ನು ದಾಟಲಿಲ್ಲ. ಇಡೀ ಕುಣಿತವನ್ನು ಹೊತ್ತು ನಿಂತ ಹಲಿಗೆಯವರು ಹೆಚ್ಚಾಗಿ ಮಾದಿಗರು, ಮತ್ತು ಅವರ ಕಲೆಯನ್ನು ಊರು ಬಹುಕಾಲ ಕಲೆಯೆಂದಲ್ಲ, ಹುಟ್ಟಿನಿಂದ ಬಂದ ಚಾಕರಿಯೆಂದು ಎಣಿಸಿತು. ಬಾರಿಸಿದ್ದಕ್ಕೆ ಕಾಳು, ಒಂದಷ್ಟು ರೊಟ್ಟಿ. ಕುಣಿಯುವ ವೃತ್ತದಲ್ಲಿ ಅವರಿಗೆ ಜಾಗವಿಲ್ಲದ ಊರುಗಳೂ ಇದ್ದವು. ಅಂಬೇಡ್ಕರ್ ಚಿಂತನೆಯಲ್ಲಿ ಬೆಳೆದ ತಲೆಮಾರು ಈಗ ಅದನ್ನು ಪ್ರಶ್ನಿಸುತ್ತಿದೆ. ಕೂಲಿಗೆ, ಗೌರವಕ್ಕೆ, ಒಪ್ಪಿಗೆಗೆ ಬಾರಿಸುತ್ತೇವೆ, ಹುಟ್ಟಿನ ಕಾರಣಕ್ಕೆ ಬಾರಿಸುವುದಿಲ್ಲ ಎನ್ನುತ್ತದೆ. ಹಲಿಗೆ ಬಿಟ್ಟೇಬಿಟ್ಟವರೂ ಇದ್ದಾರೆ. ಈ ಪ್ರಶ್ನೆ ಎದ್ದ ಕಡೆ ಹಬ್ಬ ಕೆಟ್ಟಿತೆಂದು ಹಲುಬುವವರಿದ್ದಾರೆ. ಕೆಟ್ಟಿದ್ದರೆ ಹಳೆಯ ಕರಾರು ಕೆಟ್ಟಿದೆ, ಅದು ಕೆಡಬೇಕಾದ್ದೇ ಆಗಿತ್ತು.

ಕಡಲಾಚೆಯ ತಾಸೆ

ಕರ್ಬಲಾದ ನೆನಪು ವಾದ್ಯ ಹಿಡಿದು ಕುಣಿದದ್ದು ಕನ್ನಡ ಸೀಮೆಯಲ್ಲಿ ಮಾತ್ರವಲ್ಲ. ಕೆರಿಬಿಯನ್ ಕಡಲಿನ ಟ್ರಿನಿಡಾಡ್ ದ್ವೀಪಕ್ಕೆ 1845ರ ಮೇ 30ರಂದು ‘ಫಾತೆಲ್ ರಜಾಕ್’ ಹಡಗು ಮೊದಲ ಭಾರತೀಯ ಕರಾರು ಕೂಲಿಗಳನ್ನು ಇಳಿಸಿತು. 1917ರವರೆಗೆ ಕಬ್ಬಿನ ತೋಟಗಳಿಗೆಂದು ಹೀಗೆ ಹೋದವರು 1,40,000ಕ್ಕೂ ಹೆಚ್ಚು. ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ ಹೊರಟ ಉತ್ತರ ಭಾರತದವರು, ಕೆಲವರು ಮದ್ರಾಸಿನಿಂದ ಹೋದವರು. ಯಾದಗಿರಿಗೂ ಆ ದ್ವೀಪಕ್ಕೂ ನೇರ ಸಂಬಂಧವಿಲ್ಲ; ಒಂದೇ ಹಬ್ಬ, ಒಂದೇ ವಾದ್ಯ ಎರಡೂ ಕಡೆ ಇವೆ. ಮೊಹರಂ ಅಲ್ಲಿ ಹೊಸೇ ಎಂಬ ಹೆಸರು ಪಡೆಯಿತು. ಕಾಗದ, ಬಿದಿರಿನಿಂದ ಮಾಡಿದ ಹುಸೇನರ ಗೋರಿಯ ಮಾದರಿಗಳಾದ ತಾಜಿಯಾಗಳ ಮುಂದೆ ತಾಸೆ ಬಾರಿಸುತ್ತ ಮುಸಲ್ಮಾನರ ಜೊತೆ ಹಿಂದೂಗಳೂ ಆಫ್ರಿಕನ್ ಮೂಲದವರೂ ನಡೆದರು.

ಈ ಒಗ್ಗೂಡುವಿಕೆ ಬ್ರಿಟಿಷ್ ಆಡಳಿತಕ್ಕೆ ಭಯ ಹುಟ್ಟಿಸಿತು. ಮೆರವಣಿಗೆ ಪಟ್ಟಣ ಹೊಗಬಾರದೆಂದು ತಡೆಯಾಜ್ಞೆ ಬಂತು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೋ ಪಟ್ಟಣದ ಹೊರಗೆ, ತಡೆ ಮೀರಿ ಬಂದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೊಸೇ ಆದರೂ ನಿಲ್ಲಲಿಲ್ಲ. ಸೇಂಟ್ ಜೇಮ್ಸ್ ಮತ್ತು ಸೆಡ್ರೋಸ್ ಎಂಬ ಊರುಗಳಲ್ಲಿ ಇಂದಿಗೂ ನಡೆಯುತ್ತದೆ. ಅಲ್ಲಿಯ ತಾಸೆಯವರೂ ವಾದ್ಯವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಒಂದೊಂದು ಬಡಿತವನ್ನು ಒಂದೊಂದು ‘ಕೈ’ ಎಂದು ಕರೆದು, ಯುದ್ಧಕ್ಕೊಂದು, ಸಾವಿಗೊಂದು, ನಡಿಗೆಗೊಂದು ಎಂದು ಬೇರ್ಪಡಿಸಿಟ್ಟಿದ್ದಾರೆ. ತಾಸೆ, ದೊಡ್ಡ ಢೋಲು, ಝಾಂಜ್ ತಾಳ ಸೇರಿದ ಆ ಮೇಳ ಹಬ್ಬದಿಂದ ಹೊರಬಂದು ಹಿಂದೂ ಮದುವೆಗೂ ಕಾರ್ನಿವಲ್ಲಿಗೂ ಹೋಯಿತು.

ಅದೇ ದ್ವೀಪದಲ್ಲಿ 1970ರ ದಶಕದಲ್ಲಿ ಲಾರ್ಡ್ ಶಾರ್ಟಿ ಎಂದು ಹೆಸರಾದ ಗಾರ್ಫೀಲ್ಡ್ ಬ್ಲಾಕ್‌ಮನ್, ಆಫ್ರಿಕನ್ ಮೂಲದ ಕ್ಯಾಲಿಪ್ಸೋ ಹಾಡಿಗೆ ಭಾರತೀಯರ ಢೋಲಕ್, ಧಂತಾಲದ ಲಯ ಬೆರೆಸಿ ಸೋಕಾ ಎಂಬ ಕುಣಿತದ ಸಂಗೀತವನ್ನು ಕಟ್ಟಿದರು. ಭಾರತೀಯ ಮೂಲದ ಹಳ್ಳಿ ಹಾಡುಗಳು ಸುಂದರ್ ಪೋಪೋ ಅವರ ಮೂಲಕ ಚಟ್ನಿ ಸಂಗೀತವಾದವು, 1987ರ ಹೊತ್ತಿಗೆ ದ್ರೌಪತಿ ರಾಮಗೂನೈ ಅವರ ದನಿಯಲ್ಲಿ ಚಟ್ನಿ–ಸೋಕಾ ಹುಟ್ಟಿತು. ಈಗ ಲೋಕದ ತುಂಬ ಕುಣಿಸುವ ಸಂಗೀತ ಇದು. ಯಾದಗಿರಿಯ ಹಲಿಗೆಗೆ ಆ ದಾರಿ ತೆರೆಯಲಿಲ್ಲ, ಇಲ್ಲಿ ಅದು ಹಬ್ಬದ ಅಂಗಳದಲ್ಲೇ ಉಳಿಯಿತು. ಟ್ರಿನಿಡಾಡಿನಲ್ಲಿ ತಾಸೆಯನ್ನು ಯಾವ ಜಾತಿಯವರು ಬಾರಿಸಬೇಕು ಎಂಬ ಕಟ್ಟು ಹಡಗಿನಲ್ಲೇ ಸಡಿಲಾಗಿತ್ತು ಎಂಬುದು ಈ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಎಂದು ತೋರುತ್ತದೆ. ವಾದ್ಯ ಅಲ್ಲಿ ಕಲಿತವರ ಸ್ವತ್ತಾಯಿತು. ಇಲ್ಲಿ ಕಲಿಯಲು ಬಂದವನ ಜಾತಿಯನ್ನು ಮೊದಲು ಕೇಳಿದರು.

ಈಗ

ಮೊಹರಂ ಚಾಂದ್ರಮಾನದ ತಿಂಗಳು; ಅಧಿಕಮಾಸವಿಲ್ಲದ ಪಂಚಾಂಗವಾದ್ದರಿಂದ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದಕ್ಕೆ ಸರಿದು, ಸುಮಾರು ಮೂವತ್ತಮೂರು ವರ್ಷಕ್ಕೆ ಋತುಗಳನ್ನೆಲ್ಲ ಸುತ್ತಿಬರುತ್ತದೆ. ಸುಗ್ಗಿಗೆ ಬಿದ್ದರೆ ಕಣದಲ್ಲಿ ಕಾಳು ಇರುತ್ತದೆ, ಫಕೀರರ ಜೋಳಿಗೆ ತುಂಬುತ್ತದೆ. ಮುಂಗಾರಿಗೆ ಬಿದ್ದರೆ ಕುಣಿಯಲ್ಲಿ ನೀರು ನಿಲ್ಲುತ್ತದೆ, ಬಿತ್ತನೆಯ ಅವಸರ ಇರುತ್ತದೆ. 2025ರಲ್ಲಿ ಹತ್ತನೆಯ ದಿನ ಜುಲೈ 6ಕ್ಕೆ ಬಂತು, ತೊಗರಿ, ಹತ್ತಿ ಬಿತ್ತುವ ಹೊತ್ತು. 2030ರ ಸುಮಾರಿಗೆ ಅದು ಮೇ ತಿಂಗಳ ಬಿಸಿಲಿಗೆ ಸರಿದಿರುತ್ತದೆ.

ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದವರು ಅಲಾಯಿಗೆ ತಪ್ಪದೆ ಊರಿಗೆ ಬರುತ್ತಾರೆ. ಹಬ್ಬದ ಹಿಂದಿನ ದಿನಗಳಲ್ಲಿ ಯಾದಗಿರಿಯ ರೈಲುಗಳಲ್ಲೂ ಸುರಪುರ, ಶಹಾಪುರದ ಬಸ್ಸುಗಳಲ್ಲೂ ನಿಲ್ಲಲು ಜಾಗವಿರುವುದಿಲ್ಲ. ತಿಂಗಳ ತಾಲೀಮಿಗೆ ಆ ಹುಡುಗರು ಊರಲ್ಲಿಲ್ಲ. ಹಾಗಾಗಿ ಉದ್ದನೆಯ ರಿವಾಯತ ಕಲಿಯುವವರು ಕಡಿಮೆಯಾಗಿ, ಎರಡು ಸುತ್ತಿನಲ್ಲಿ ಕಲಿಯಬಲ್ಲ ಅಲಾಯಿ ಕುಣಿತ ಮಾತ್ರ ದಟ್ಟವಾಗಿ ಉಳಿದಿದೆ. ಮೊದಲು ಕ್ಯಾಸೆಟ್ಟಿನಲ್ಲಿ, ಈಗ ಯೂಟ್ಯೂಬಿನಲ್ಲಿ ಮೊಹರಂ ಪದಗಳು ಬರುತ್ತಿವೆ. ಹುಡುಗರು ಅದನ್ನು ಕೇಳಿಯೇ ಪದ ಕಲಿಯುತ್ತಾರೆ. ಇದರಿಂದ ಒಂದೂರಿನ ಧಾಟಿ ಹತ್ತೂರಿಗೆ ಹೋಯಿತು, ಹತ್ತೂರಿನ ಬೇರೆ ಬೇರೆ ಧಾಟಿಗಳು ಮರೆಯಾಗುತ್ತಿವೆ. ಕೆಲವು ಊರುಗಳಲ್ಲಿ ಹಲಿಗೆಯ ಜಾಗಕ್ಕೆ ಡಿಜೆ ಬಂದಿದೆ. ಹಲಿಗೆ ಬಾರಿಸುವವರಿಗೆ ಸರಿಯಾದ ಕೂಲಿ ಕೊಟ್ಟು, ಅವರನ್ನು ಕಲಾವಿದರೆಂದು ಹೆಸರು ಹಿಡಿದು ಕರೆದ ಊರುಗಳಲ್ಲಿ ಹಲಿಗೆ ಉಳಿದಿದೆ.

ಪದಗಳು ಹೆಚ್ಚಾಗಿ ಮಾಸ್ತರರ ಕೈಬರಹದ ಪುಸ್ತಕಗಳಲ್ಲಿವೆ. ಒಂದೊಂದು ಮೇಳಕ್ಕೆ ಒಂದೊಂದು ಪುಸ್ತಕ, ಎದುರು ಮೇಳದವರಿಗೆ ತೋರಿಸದಂತೆ ಕಾಪಾಡಿದ್ದು. ಸವಾಲಿಗೆ ಜವಾಬು ಮೊದಲೇ ಗೊತ್ತಾಗಬಾರದಲ್ಲ. ಮಾಸ್ತರ ತೀರಿದ ಮೇಲೆ ಆ ಪುಸ್ತಕ ಮನೆಯ ಟ್ರಂಕಿನಲ್ಲಿ ಸೇರಿಹೋಗುತ್ತದೆ. ಗೀಗೀ, ಲಾವಣಿ, ತತ್ವಪದಗಳ ಸಂಪುಟಗಳು ಬಂದಷ್ಟು ಪ್ರಮಾಣದಲ್ಲಿ ಯಾದಗಿರಿ ಜಿಲ್ಲೆಯ ಮೊಹರಂ ಪದಗಳ ಸಂಗ್ರಹ ನಡೆಯಬೇಕಾಗಿದೆ. ಧಾಟಿ ಅಕ್ಷರದಲ್ಲಿ ನಿಲ್ಲದ್ದರಿಂದ ದನಿಮುದ್ರಣವೂ, ಹಲಿಗೆಯ ಬಡಿತಗಳಿಗೆ ಬಾರಿಸುವವರೇ ಇಟ್ಟ ಹೆಸರುಗಳ ದಾಖಲೆಯೂ ಅದರ ಜೊತೆಗೇ ಆಗಬೇಕು.